ಚಿನ್ನದ ಬೆನ್ನಿಗೆ ಬೆಳ್ಳಿ

1821ರ ಸುಮಾರಿಗೆ ಎದೊ (ಇಂದಿನ ಟೋಕಿಯೊ) ನಗರದ ಚಿತ್ರಕಾರ ಸಕಾಯ್ ಹೊಇತ್ಸುವಿಗೆ ಜಪಾನನ್ನು ಆಳುತ್ತಿದ್ದ ಶೋಗುನ್ ವಂಶದ ಹಿತೊತ್ಸುಬಾಶಿ ಶಾಖೆಯ ಮನೆಯಿಂದ ಒಂದು ಕೆಲಸ ಬಂತು. ಆ ಮನೆಯಲ್ಲಿ ಒಂದು ಜೋಡಿ ಮಡಿಕೆ ತೆರೆಗಳಿದ್ದವು. ಚಿನ್ನದ ರೇಕು ಹೊದಿಸಿದ ಅವುಗಳ ಮೇಲೆ ನೂರು ವರ್ಷದ ಹಿಂದೆ ತೀರಿಕೊಂಡಿದ್ದ ಒಗಾತ ಕೊರಿನ್ ಇಬ್ಬರು ದೇವತೆಗಳನ್ನು ಬರೆದಿದ್ದ. ಬಲಕ್ಕೆ ಬೆನ್ನ ಮೇಲೆ ಗಾಳಿಚೀಲ ಹೊತ್ತ ಹಸಿರು ಬಣ್ಣದ ಗಾಳಿದೇವ, ಎಡಕ್ಕೆ ಸುತ್ತ ಮದ್ದಳೆ ಕಟ್ಟಿಕೊಂಡ ಬಿಳಿಯ ಸಿಡಿಲದೇವ. ಹೊಇತ್ಸು ಚಿತ್ರ ಬರೆಯಬೇಕಾಗಿದ್ದುದು ಆ ತೆರೆಗಳ ಹಿಂಬದಿಗೆ.

ಹೊಇತ್ಸು ಹಿಂಬದಿಗೆ ಬೆಳ್ಳಿಯ ರೇಕು ಹಚ್ಚಿದ. ಸಿಡಿಲದೇವನ ಬೆನ್ನಿಗೆ ಬೇಸಿಗೆಯ ಹುಲ್ಲು ಹೂಗಳನ್ನು ಬರೆದ. ಆಗಷ್ಟೇ ಜಡಿಮಳೆ ಹೊಡೆದು ನಿಂತಂತೆ ಅವು ತಲೆ ಬಾಗಿಸಿವೆ, ಮೇಲಿನ ಮೂಲೆಯಲ್ಲಿ ಹರಿಯುವ ನೀರಿನ ನೀಲಿಯಿದೆ. ಗಾಳಿದೇವನ ಬೆನ್ನಿಗೆ ಶರತ್ಕಾಲದ ಹುಲ್ಲು. ಎಲ್ಲವೂ ಒಂದೇ ಕಡೆಗೆ ವಾಲಿದೆ, ಕೆಂಪಡರಿದ ಬಳ್ಳಿಯೆಲೆಗಳು ಕಿತ್ತು ಹಾರುತ್ತಿವೆ. ಆಕಾಶದಲ್ಲಿ ದೇವರು ನಡೆಸಿದ ಗದ್ದಲ ಮುಂದಿನ ಬದಿಯಲ್ಲಿ, ನೆಲದ ಮೇಲೆ ಅದನ್ನು ಉಂಡವರ ಪಾಡು ಹಿಂದಿನ ಬದಿಯಲ್ಲಿ. 1974ರಲ್ಲಿ ಎರಡೂ ಬದಿಗಳು ಸವೆಯುತ್ತಿವೆಯೆಂದು ತೆರೆಗಳನ್ನು ಸೀಳಿ ಬೇರೆ ಮಾಡಿದರು. ಕಾಪಾಡುವವರ ದೃಷ್ಟಿಯಿಂದ ಅದು ಸರಿಯೇ. ಆದರೆ ಒಂದರ ಬೆನ್ನಿಗೆ ಇನ್ನೊಂದು ಹುಟ್ಟಿದ್ದನ್ನು ಸುತ್ತಿ ಬಂದು ನೋಡುವ ಸುಖ ಟೋಕಿಯೊ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಇನ್ನು ಸಿಗದು.

ಹೊಇತ್ಸು ಹುಟ್ಟಿದ್ದು 1761ರಲ್ಲಿ, ಕೊರಿನ್ ಸತ್ತು ನಲವತ್ತೈದು ವರ್ಷಗಳಾದ ಮೇಲೆ. ಕೊರಿನ್ ಬರೆದ ದೇವತೆಗಳೂ ಅವನ ಸ್ವಂತದ್ದಲ್ಲ. ಕ್ಯೋತೊದ ಕೆನ್ನಿಂಜಿ ದೇವಾಲಯದ ತೆರೆಗಳ ಮೇಲೆ ತವರಾಯ ಸೊತಾತ್ಸು ಬರೆದದ್ದನ್ನು ಅವನು ಗೆರೆಗೆ ಗೆರೆ ಇಟ್ಟು ನಕಲು ಮಾಡಿದ್ದ. ಸೊತಾತ್ಸುವೂ ಕೊರಿನ್ ಹುಟ್ಟುವ ಮೊದಲೇ ಕಣ್ಮರೆಯಾಗಿದ್ದವನು. ಒಬ್ಬರನ್ನೊಬ್ಬರು ಕಾಣದ ಈ ಮೂವರನ್ನು ನಾವಿಂದು ‘ರಿಂಪಾ’ ಎಂಬ ಒಂದೇ ಪಂಥದ ಹೆಸರಿನಲ್ಲಿ ಕರೆಯುತ್ತೇವೆ. ಹೆಸರು ಇಟ್ಟವರು ಆಧುನಿಕ ಕಾಲದವರು.

1603ರಿಂದ 1868ರವರೆಗಿನ ಎದೊ ಕಾಲದ ಚಿತ್ರಕಲೆಯ ಚರಿತ್ರೆಯನ್ನು ಸಾಮಾನ್ಯವಾಗಿ ಪಂಥಗಳ ಪಟ್ಟಿಯಾಗಿ ಹೇಳುತ್ತಾರೆ: ಕಾನೊ, ತೋಸಾ, ರಿಂಪಾ, ನಂಗಾ, ಮರುಯಾಮ, ಉಕಿಯೊ-ಎ. ಯಾರು ಯಾರನ್ನು ನಕಲು ಮಾಡಿದರು, ಯಾರ ಅಪ್ಪಣೆಯಿಂದ ಮಾಡಿದರು ಎಂದು ಕೇಳಿಕೊಂಡು ಹೋದರೆ ಈ ಪಟ್ಟಿಗೆ ಜೀವ ಬರುತ್ತದೆ ಎಂಬುದು ನನ್ನ ಅನಿಸಿಕೆ.

ಅಪ್ಪಣೆಯ ಮಾತು ಬಂದರೆ ಮೊದಲು ಕಾನೊ ಮನೆತನ. ಎದೊ ಕಾಲಕ್ಕೆ ಮೊದಲೇ ಈ ವಂಶ ನಾಲ್ಕಾರು ತಲೆಮಾರು ಅಧಿಕಾರಸ್ಥರ ಗೋಡೆಗಳನ್ನು ತುಂಬಿತ್ತು. ತೊಕುಗಾವರು ಶೋಗುನ್ ಪಟ್ಟಕ್ಕೇರಿದಾಗ ವಂಶದ ಕುಡಿ ಕಾನೊ ತನ್ಯು ಇನ್ನೂ ಮಗು. 1617ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಅವನು ಶೋಗುನ್‌ನ ಅಧಿಕೃತ ಚಿತ್ರಕಾರನಾದ. 1621ರಲ್ಲಿ ಎದೊ ಕೋಟೆಯ ಬಳಿ ಕಜಿಬಾಶಿಯಲ್ಲಿ ಅವನಿಗೆ ಮನೆ ನಿವೇಶನ ಸಿಕ್ಕಿತು. 1626ರಲ್ಲಿ ಚಕ್ರವರ್ತಿಯ ಭೇಟಿಗಾಗಿ ಕ್ಯೋತೊದ ನಿಜೊ ಕೋಟೆಯನ್ನು ಸಿಂಗರಿಸಿದಾಗ ಚಿನ್ನದ ಗೋಡೆಗಳ ಮೇಲೆ ದೈತ್ಯ ಪೈನ್ ಮರಗಳನ್ನು ಬರೆದದ್ದು ಅವನ ತಂಡ. ಆ ಮರಗಳ ಕೆಳಗೆ ಕೂತ ಪಾಳೆಯಗಾರ ತಾನೆಷ್ಟು ಚಿಕ್ಕವನೆಂದು ತಾನೇ ತಿಳಿದುಕೊಳ್ಳಬೇಕಿತ್ತು. ಚಿತ್ರಕ್ಕೆ ಅಲ್ಲಿದ್ದ ಕೆಲಸವೇ ಅದು.

ಕಾಲಕ್ರಮದಲ್ಲಿ ಕಾನೊಗಳ ನಾಲ್ಕು ಮನೆಗಳು ಶೋಗುನ್‌ನ ಒಳಮನೆಯ ಚಿತ್ರಕಾರರಾದವು. ಅವರಿಗೆ ಶೋಗುನ್ ದರ್ಶನದ ಹಕ್ಕಿತ್ತು, ಸಂಬಳ ಅಕ್ಕಿಯ ಲೆಕ್ಕದಲ್ಲಿ ಬರುತ್ತಿತ್ತು. ಅವರ ಕೆಳಗೆ ಹೊರಮನೆಯ ಕಾನೊಗಳು, ಅವರ ಕೆಳಗೆ ಊರೂರಿನ ಪಾಳೆಯಗಾರರ ಆಸ್ಥಾನದಲ್ಲಿ ಕಾನೊ ಶಿಷ್ಯರು. ಧಾರವಾಡದ ಓದುಗರಿಗೆ ಘರಾಣೆ ಎಂದರೆ ಬೇಗ ಅರ್ಥವಾದೀತು. ಆದರೆ ಇದು ಸರ್ಕಾರದ ಮೊಹರು ಬಿದ್ದ ಘರಾಣೆ. ಕೊಬಿಕಿಚೊದಲ್ಲಿದ್ದ ಕಾನೊ ಮನೆಯ ಕಲಿಕೆ ಹೇಗಿತ್ತೆಂದು ಅಲ್ಲಿಯೇ ಬೆಳೆದ ಹಶಿಮೊತೊ ಗಾಹೊ ಮುಂದೆ ಬರೆದಿಟ್ಟಿದ್ದಾನೆ. ಹದಿನಾಲ್ಕು ಹದಿನೈದರಲ್ಲಿ ಸೇರಿದ ಹುಡುಗ ಹೊರಬರುವಾಗ ಹತ್ತು ವರ್ಷ ದಾಟಿರುತ್ತಿತ್ತು. ಆ ವರ್ಷಗಳು ಬಹುಪಾಲು ಮಾದರಿ ಚಿತ್ರಗಳ ನಕಲಿನಲ್ಲೇ ಕಳೆಯುತ್ತಿದ್ದವು. ಕೊನೆಗೆ ಗುರುವಿನ ಹೆಸರಿನಿಂದ ಒಂದು ಅಕ್ಷರ ಶಿಷ್ಯನ ಹೆಸರಿಗೆ ಸೇರುತ್ತಿತ್ತು. ಪದವಿ ಎಂದರೆ ಅದೇ.

ಈ ಪದ್ಧತಿಯನ್ನು ಹಳಿಯುವುದು ಸುಲಭ. ಕಾನೊ ಎಂದರೆ ಜಡ್ಡುಗಟ್ಟಿದ ಸರ್ಕಾರಿ ಕಲೆ ಎಂದು ವಿಮರ್ಶಕರು ಬಹಳ ಕಾಲ ಹೇಳಿದ್ದಾರೆ. ಆದರೆ ಎದೊದ ಬಂಡಾಯಗಾರರ ಪೂರ್ವಾಶ್ರಮ ಕೆದಕಿದರೆ ಮತ್ತೆ ಮತ್ತೆ ಒಬ್ಬ ಕಾನೊ ಮೇಷ್ಟ್ರು ಸಿಗುತ್ತಾನೆ. ಮರುಯಾಮ ಪಂಥದ ಓಕ್ಯೊವಿನ ಗುರು ಕಾನೊ ಪದ್ಧತಿಯವನು, ಹೊಇತ್ಸು ಮೊದಲು ಕಲಿತದ್ದು ಕಾನೊ ಕುಂಚ. ಸುಂದರಿಯರ ಅಚ್ಚುಚಿತ್ರಗಳಿಗೆ ಹೆಸರಾದ ಉತಾಮಾರೊನ ಗುರು ಸೆಕಿಯೆನ್ ಕೂಡ ಕಾನೊ ಗರಡಿಯಲ್ಲಿ ಪಳಗಿದವನೇ. ಮನೆ ಬಿಟ್ಟು ಓಡಲು ಮೊದಲು ಒಂದು ಮನೆ ಬೇಕಲ್ಲ.

ಕ್ಯೋತೊದ ಅರಮನೆಯಲ್ಲಿ ತೋಸಾ ಮನೆತನಕ್ಕೂ ಇಂಥದೇ ಸ್ಥಾನವಿತ್ತು. ಹಳೆಯ ಆಸ್ಥಾನ ಕಥೆಗಳನ್ನು ನವಿರಾದ ಬಣ್ಣದಲ್ಲಿ ಬರೆಯುವುದು ಅವರ ಕಸುಬು. ಕೈತಪ್ಪಿದ್ದ ಪದವಿಯನ್ನು ತೋಸಾ ಮಿತ್ಸುಒಕಿ 1654ರಲ್ಲಿ ಮರಳಿ ಗಳಿಸಿದ. ಆಮೇಲಿನ ತೋಸಾ ಚರಿತ್ರೆಯಲ್ಲಿ ನಮ್ಮನ್ನು ಹಿಡಿದು ನಿಲ್ಲಿಸುವಂಥದ್ದು ಕಡಿಮೆ.

ಅದೇ ಕ್ಯೋತೊದ ಅಂಗಡಿ ಬೀದಿಯಲ್ಲಿ ಬೇರೆ ಏನೋ ನಡೆದಿತ್ತು. ಸೊತಾತ್ಸು ‘ತವರಾಯ’ ಎಂಬ ಅಂಗಡಿಯವನು. ಬೀಸಣಿಗೆಗೆ, ಕಾಗದಕ್ಕೆ ಚಿತ್ರ ಬರೆದು ಮಾರುವುದು ಅಲ್ಲಿನ ವ್ಯಾಪಾರ. ಒದ್ದೆ ಮಸಿ ಆರುವ ಮೊದಲೇ ಅದರ ಮೇಲೆ ಇನ್ನೊಂದು ಹನಿ ಬಿಟ್ಟು, ಅವೆರಡೂ ತಾವಾಗಿ ಕೂಡಿಕೊಳ್ಳಲು ಬಿಡುವ ಉಪಾಯವನ್ನು ಅವನು ಕಲೆಯ ಮಟ್ಟಕ್ಕೇರಿಸಿದ. ಅವನ ಗಾಳಿ ಸಿಡಿಲ ದೇವತೆಗಳು ತೆರೆಯ ಎರಡು ತುದಿಗಳಿಗೆ ಸರಿದು ನಿಂತಿದ್ದಾರೆ. ಸಿಡಿಲದೇವನ ಮದ್ದಳೆಗಳು ಅಂಚಿಗೆ ತಾಗಿ ತುಂಡಾಗಿವೆ. ನಡುವೆ ಬರೀ ಚಿನ್ನ, ಬರೀ ಖಾಲಿ. ತೆರೆಯ ಮೇಲೆ ಸಹಿಯೂ ಇಲ್ಲ, ಮೊಹರೂ ಇಲ್ಲ. ಈ ದೇವತೆಗಳು ಜಪಾನಿಗೆ ಬಂದದ್ದು ಬೌದ್ಧಧರ್ಮದ ಜೊತೆ. ಕ್ಯೋತೊದ ಸಂಜೂಸಂಗೆಂದೊ ದೇವಾಲಯದಲ್ಲಿ ಸಾವಿರ ಕೈಗಳ ಅವಲೋಕಿತೇಶ್ವರನ ಪರಿವಾರವಾಗಿ ಹದಿಮೂರನೆಯ ಶತಮಾನದ ಮರದ ಗಾಳಿದೇವನೂ ಸಿಡಿಲದೇವನೂ ಇದ್ದಾರೆ. ಗಾಳಿದೇವನ ಬೆನ್ನಿನ ಚೀಲವನ್ನು ಹುಡುಕಿಕೊಂಡು ಇನ್ನೂ ಹಿಂದೆ ಹೋದರೆ ಕನಿಷ್ಕನ ನಾಣ್ಯಗಳ ಮೇಲೆ ಬಟ್ಟೆ ಉಬ್ಬಿಸಿಕೊಂಡು ಓಡುವ ವಾಯುವಿನವರೆಗೂ ದಾರಿ ಸಿಗುತ್ತದೆ.

ಕೊರಿನ್ ಬಟ್ಟೆ ವ್ಯಾಪಾರಿಯ ಮಗ. ಅಪ್ಪನ ‘ಕರಿಗಾನೆಯ’ ಅಂಗಡಿಯಿಂದ ಚಕ್ರವರ್ತಿಯ ರಾಣಿಗೆ ಕಿಮೊನೊಗಳು ಹೋಗುತ್ತಿದ್ದವು. 1687ರಲ್ಲಿ ಅಪ್ಪ ಸತ್ತ ಮೇಲೆ ಮಗ ಆಸ್ತಿಯನ್ನು ಮನಸೋಇಚ್ಛೆ ಉಡಾಯಿಸಿದ. ವನಭೋಜನಕ್ಕೆ ಹೋದಾಗ ಉಳಿದವರು ಬೆಲೆಬಾಳುವ ಬುತ್ತಿ ಪೆಟ್ಟಿಗೆಗಳನ್ನು ಬಿಚ್ಚಿದರೆ, ಕೊರಿನ್ ಒಳಗೆ ಚಿನ್ನ ಬಳಿದು ಚಿತ್ರ ಬರೆದಿದ್ದ ಬಿದಿರಿನ ಹೊದಿಕೆಯಲ್ಲಿ ಅನ್ನ ತಂದು, ಉಂಡು, ಹೊದಿಕೆಯನ್ನು ಹೊಳೆಗೆ ಎಸೆದನೆಂಬ ಕಥೆಯಿದೆ. ಕಥೆ ನಿಜವಿರಲಿ ಬಿಡಲಿ, ಹಣವಂತೂ ಕರಗಿತು. ಕುಂಚ ಹೊಟ್ಟೆಪಾಡಾಯಿತು. ಈಗ ಟೋಕಿಯೊದ ನೆಜು ಸಂಗ್ರಹಾಲಯದಲ್ಲಿರುವ ಅವನ ಐರಿಸ್ ಹೂವಿನ ತೆರೆಗಳಲ್ಲಿ ಚಿನ್ನದ ಮೇಲೆ ನೀಲಿ, ಹಸಿರು ಬಿಟ್ಟರೆ ಬೇರೇನಿಲ್ಲ. ಹೂಗೊಂಚಲುಗಳು ಅಲ್ಲಲ್ಲಿ ಅದೇ ಆಕಾರದಲ್ಲಿ ಮತ್ತೆ ಬರುತ್ತವೆ, ಅಚ್ಚು ಕತ್ತರಿಸಿ ಬಟ್ಟೆಗೆ ಬಣ್ಣ ಒತ್ತಿದ ಹಾಗೆ. ಜವಳಿ ಅಂಗಡಿಯ ಕೈ ಸುಳ್ಳು ಹೇಳುವುದಿಲ್ಲ.

1704ರಲ್ಲಿ ಕೊರಿನ್ ಗಿರಾಕಿ ಹುಡುಕಿಕೊಂಡು ಎದೊಗೆ ಹೋದ. ಅಲ್ಲಿ ಅವನಿಗೆ ನೆರಳು ಕೊಟ್ಟವರಲ್ಲಿ ಸಕಾಯ್ ಎಂಬ ಪಾಳೆಯಗಾರ ಮನೆತನವೂ ಒಂದು. ಹೊಇತ್ಸು ಮುಂದೆ ಹುಟ್ಟಿದ್ದು ಅದೇ ಮನೆಯಲ್ಲಿ, ಎರಡನೆಯ ಮಗನಾಗಿ. ಪಟ್ಟ ಅವನದಲ್ಲ. ಪದ್ಯ ಕಟ್ಟಿದ, ಬೆಡಗಿನ ಬೀದಿಗಳಲ್ಲಿ ಅಲೆದ, 1797ರಲ್ಲಿ ತಲೆ ಬೋಳಿಸಿಕೊಂಡು ಸನ್ಯಾಸಿಯಾದ. ಮನೆಯಲ್ಲಿ ಉಳಿದಿದ್ದ ಕೊರಿನ್ ಚಿತ್ರಗಳು ಅವನನ್ನು ಹಿಡಿದುಕೊಂಡವು. 1815ರಲ್ಲಿ ಕೊರಿನ್‌ನ ನೂರನೆಯ ವರ್ಷದ ತಿಥಿಯನ್ನು ಮಾಡಿದವನು ಹೊಇತ್ಸು. ಅವನ ಚಿತ್ರಗಳನ್ನು ಹುಡುಕಿ ತರಿಸಿ ಪ್ರದರ್ಶನಕ್ಕಿಟ್ಟ, ‘ಕೊರಿನ್ ಹ್ಯಾಕುಜು’ ಎಂಬ ನೂರು ಚಿತ್ರಗಳ ಪುಸ್ತಕ ಅಚ್ಚು ಹಾಕಿಸಿದ, ಕ್ಯೋತೊದಲ್ಲಿ ಹಾಳುಬಿದ್ದಿದ್ದ ಸಮಾಧಿಯನ್ನು ಸರಿಪಡಿಸಿದ. ಸತ್ತವನಿಗೆ ಮಗ ಮಾಡುವ ಕರ್ಮಗಳಿವು. ಗಾಳಿ ಸಿಡಿಲ ದೇವತೆಗಳನ್ನು ಹೊಇತ್ಸು ತಾನೂ ಒಮ್ಮೆ ನಕಲು ಮಾಡಿದ್ದಾನೆ, ಕೊರಿನ್ ಬರೆದದ್ದನ್ನು ನೋಡಿ. ಅದರ ಹಿಂದೆ ಒಬ್ಬ ಸೊತಾತ್ಸು ಇದ್ದದ್ದು ಅವನಿಗೆ ತಿಳಿದಿದ್ದಂತೆ ಕಾಣುವುದಿಲ್ಲ.

ಕೊರಿನ್ ಸತ್ತ 1716ನೆಯ ವರ್ಷ ಎದೊ ಚರಿತ್ರೆಯಲ್ಲಿ ಒಂದು ವಿಚಿತ್ರ ಕೂಡುದಾರಿ. ಆ ವರ್ಷವೇ ಯೊಶಿಮುನೆ ಶೋಗುನ್ ಆದ. ನಾಲ್ಕು ವರ್ಷಗಳ ನಂತರ, ಕ್ರೈಸ್ತಮತಕ್ಕೆ ಸಂಬಂಧಿಸದ ವಿದೇಶಿ ಪುಸ್ತಕಗಳ ಮೇಲಿನ ಬಿಗಿಯನ್ನು ಅವನು ಸಡಿಲಿಸಿದ. 1716ರಲ್ಲೇ ಒಸಾಕದ ಬಳಿಯ ಹಳ್ಳಿಯಲ್ಲಿ ಕವಿಯೂ ಚಿತ್ರಕಾರನೂ ಆದ ಬುಸೊನ್ ಹುಟ್ಟಿದ, ಕ್ಯೋತೊದ ನಿಶಿಕಿ ಮಾರುಕಟ್ಟೆಯಲ್ಲಿ ತರಕಾರಿ ಸಗಟು ವ್ಯಾಪಾರಿಯ ಹಿರಿಯ ಮಗನಾಗಿ ಇಟೊ ಜಕುಚು ಹುಟ್ಟಿದ.

ಜಕುಚುವಿಗೆ ವ್ಯಾಪಾರ ಹಿಡಿಸಲಿಲ್ಲ, ಹೆಂಡ ಹಿಡಿಸಲಿಲ್ಲ, ಮದುವೆಯೂ ಬೇಡವಾಯಿತು. ಅವನ ಗೆಳೆಯ, ಶೊಕೊಕುಜಿ ಮಠದ ಸನ್ಯಾಸಿ ದೈತೆನ್ ಅವನ ಬಗ್ಗೆ ಬರೆದದ್ದು ನಮ್ಮ ಪ್ರಶ್ನೆಗೆ ನೇರ ಉತ್ತರ. ಜಕುಚು ಮೊದಲು ಕಾನೊ ಪದ್ಧತಿ ಕಲಿತ. ಎಷ್ಟು ಕಲಿತರೂ ತಾನು ಕಾನೊ ಬೇಲಿಯೊಳಗೇ ಉಳಿಯುವೆನೆಂದು ಕಂಡು ಅದನ್ನು ಬಿಟ್ಟ. ದೇವಾಲಯಗಳಲ್ಲಿದ್ದ ಹಳೆಯ ಚೀನೀ ಚಿತ್ರಗಳನ್ನು ಹಿಡಿದು ಒಂದು ಸಾವಿರದಷ್ಟು ನಕಲು ತೆಗೆದ. ಆಮೇಲೆ ಅವನಿಗೆ ಹೊಳೆಯಿತು: ಚೀನೀಯರು ವಸ್ತುವನ್ನು ನೋಡಿ ಬರೆದರು, ತಾನು ಅವರು ಬರೆದದ್ದನ್ನು ನೋಡಿ ಬರೆಯುತ್ತಿದ್ದೇನೆ, ವಸ್ತುವಿನಿಂದ ಇನ್ನೊಂದು ಹೆಜ್ಜೆ ದೂರ. ಹಾಗಾದರೆ ನೇರವಾಗಿ ನೋಡಲು ಏನಿದೆ? ಚೀನೀ ಚಿತ್ರಗಳ ಋಷಿಗಳೂ ಬೆಟ್ಟಗಳೂ ಕ್ಯೋತೊದಲ್ಲಿಲ್ಲ. ಹಿತ್ತಲಲ್ಲಿ ಕೋಳಿ ಸಾಕಿದ. ಕುಂಚ ಮುಟ್ಟುವ ಮೊದಲು ಬಹಳ ಕಾಲ ಅವುಗಳನ್ನು ಸುಮ್ಮನೆ ನೋಡಿದ.

1755ರಲ್ಲಿ ಅಂಗಡಿಯನ್ನು ತಮ್ಮನಿಗೆ ವಹಿಸಿದ ಮೇಲೆ ಸುಮಾರು ಹತ್ತು ವರ್ಷ ಹಿಡಿದು ಅವನು ಮೂವತ್ತು ರೇಷ್ಮೆ ಪಟಗಳನ್ನು ಬರೆದ. ಕೋಳಿ, ಮೀನು, ಚಿಪ್ಪು, ಕಪ್ಪೆ, ಹಿಮ ಹೊತ್ತ ಕೊಂಬೆ, ಹುಳು ತಿಂದು ತೂತಾದ ಎಲೆ, ಎಲ್ಲವೂ ಬಂದವು. ಬುದ್ಧನ ಮೂರು ಪಟಗಳೊಂದಿಗೆ ಅವನ್ನು ಶೊಕೊಕುಜಿಗೆ ಕೊಟ್ಟ. ‘ದೊಶೊಕು ಸಾಇ-ಎ’ ಎಂದು ಕರೆಯುವ ಈ ಮಾಲೆಯನ್ನು ಈಚೆಗೆ ದುರಸ್ತಿ ಮಾಡುವಾಗ ಅವನ ಗುಟ್ಟುಗಳು ಬಯಲಾದವು. ಬಿಳಿಯ ಹಕ್ಕಿಯ ರೆಕ್ಕೆಯಲ್ಲಿ ಹೊಳೆಯುವುದು ಚಿನ್ನವಲ್ಲ, ರೇಷ್ಮೆಯ ಹಿಂಬದಿಯಿಂದ ಬಳಿದ ಹಳದಿ ಮಣ್ಣು. ಒಂದು ಮೀನಿನ ಮೈಗೆ ಹಚ್ಚಿದ್ದು ಆ ಶತಮಾನದ ಆರಂಭದಲ್ಲಿ ಬರ್ಲಿನ್‌ನಲ್ಲಿ ಕಂಡುಹಿಡಿದಿದ್ದ ಪ್ರಷ್ಯನ್ ನೀಲಿ. ಜಪಾನೀ ಚಿತ್ರದಲ್ಲಿ ಅದರ ಅತಿ ಹಳೆಯ ಬಳಕೆಗಳಲ್ಲಿ ಇದೊಂದು. ತರಕಾರಿ ವ್ಯಾಪಾರಿ ಹಣಕ್ಕೆ ಹಿಂದೆ ಮುಂದೆ ನೋಡಿರಲಿಲ್ಲ.

ಲೋಕ ಬಿಟ್ಟವನೆಂದು ಅವನನ್ನು ಬಣ್ಣಿಸುವವರು ಒಂದು ಪ್ರಸಂಗ ಮರೆಯುತ್ತಾರೆ. 1770ರ ದಶಕದ ಆರಂಭದಲ್ಲಿ ಎದುರಾಳಿ ಮಾರುಕಟ್ಟೆಯವರ ಚಿತಾವಣೆಯಿಂದ ನಿಶಿಕಿಗೆ ಬೀಗ ಬೀಳುವ ಹಾಗಾದಾಗ, ಈ ನಿವೃತ್ತ ಯಜಮಾನ ಕುಂಚ ಕೆಳಗಿಟ್ಟು ಮೂರು ವರ್ಷ ಕಚೇರಿ ಅಲೆದ, 1774ರಲ್ಲಿ ಪರವಾನಗಿ ತಂದೇ ತಂದ. ನಿಶಿಕಿ ಇಂದಿಗೂ ನಡೆಯುತ್ತಿದೆ. 1788ರ ದೊಡ್ಡ ಬೆಂಕಿ ಕ್ಯೋತೊವನ್ನು ಸುಟ್ಟಾಗ ಅವನ ಮನೆಯೂ ಹೋಯಿತು. ಮುಪ್ಪಿನಲ್ಲಿ ಊರಾಚೆಯ ಸೆಕಿಹೊಜಿ ಗುಡಿಯ ಬಳಿ ಒಂದು ಚಿತ್ರಕ್ಕೆ ಒಂದು ಅಳತೆ ಅಕ್ಕಿ ತೆಗೆದುಕೊಂಡು ಬದುಕಿದ. ಅವನ ತರಕಾರಿಗಳ ನಿರ್ವಾಣ ಚಿತ್ರವನ್ನು ಬುದ್ಧನ ನಾಡಿನವರಾದ ನಾವು ನೋಡಲೇಬೇಕು. ಕವಲೊಡೆದ ಒಂದು ಬಿಳಿ ಮೂಲಂಗಿ ಬುದ್ಧನಾಗಿ ಬುಟ್ಟಿಯ ಮೇಲೆ ಮಲಗಿದೆ. ಸಾಲವೃಕ್ಷಗಳ ಜಾಗದಲ್ಲಿ ಜೋಳದ ದಂಟುಗಳು. ಸುತ್ತ ಕುಂಬಳ, ಬದನೆ, ಗೆಡ್ಡೆ, ಅಣಬೆ ನೆರೆದು ದುಃಖಿಸುತ್ತಿವೆ. ಪರಿಹಾಸ್ಯ ಎನ್ನೋಣವೆಂದರೆ, ಅದು ಬಾಯಿಗೆ ಬರುವುದಿಲ್ಲ.

ಜಕುಚು ಕೋಳಿ ನೋಡುತ್ತಿದ್ದ ಕಾಲಕ್ಕೆ ಅದೇ ಊರಿನಲ್ಲಿ ಇನ್ನೊಬ್ಬ ಬೇರೆ ದಾರಿಯಿಂದ ‘ನೋಡುವುದು’ ಎಂಬಲ್ಲಿಗೆ ಬಂದಿದ್ದ. ಮರುಯಾಮ ಓಕ್ಯೊ ತಂಬಾ ಸೀಮೆಯ ರೈತನ ಮಗ. ಹುಡುಗನಾಗಿ ಕ್ಯೋತೊದ ಆಟಿಕೆ ಅಂಗಡಿ ಸೇರಿದ. ಪೆಟ್ಟಿಗೆಯ ಗಾಜಿನ ಮೂಲಕ ಇಣುಕಿದರೆ ಬೀದಿಯೇ ಆಳಕ್ಕೆ ಹೋದಂತೆ ಕಾಣುವ ಚಿತ್ರಗಳು ಆಗ ಹೊಸ ಹುಚ್ಚು. ಅವನ್ನು ಬರೆಯುತ್ತ ಯುರೋಪಿನ ದೂರ-ಹತ್ತಿರದ ಲೆಕ್ಕ ಅವನ ಕೈಗೆ ಬಂತು. ಹಕ್ಕಿ, ಎಲೆ, ಕೀಟಗಳನ್ನು ನೋಡಿ ನೋಡಿ ಟಿಪ್ಪಣಿ ಬರೆಯುವುದೇ ಅವನ ಶಾಲೆಯ ನಿಯಮವಾಯಿತು. ಜಪಾನಿನಲ್ಲಿ ಹುಲಿಯಿಲ್ಲವಾದ್ದರಿಂದ ಹುಲಿಚರ್ಮ ನೋಡಿ ಹುಲಿ ಬರೆದ. ಮಿತ್ಸುಇ ವರ್ತಕ ಮನೆತನದಲ್ಲಿದ್ದ ಅವನ ‘ಹಿಮದಲ್ಲಿ ಪೈನ್’ ತೆರೆಗಳಲ್ಲಿ ಹಿಮಕ್ಕೆ ಬಣ್ಣವೇ ಇಲ್ಲ. ಬರೆಯದೆ ಬಿಟ್ಟ ಕಾಗದವೇ ಹಿಮ. ಚಿತ್ರ ಬೇಕಾದರೆ ನನ್ನ ಬಳಿ ಬನ್ನಿ, ನಕ್ಷೆ ಬೇಕಾದರೆ ಮರುಯಾಮನ ಬಳಿ ಹೋಗಿ ಎಂಬರ್ಥದ ಮಾತನ್ನು ಪ್ರತಿಸ್ಪರ್ಧಿ ಸೊಗಾ ಶೊಹಾಕು ಆಡಿದನೆಂಬ ಪ್ರತೀತಿಯಿದೆ. ವರ್ತಕರಿಗೆ ಆ ‘ನಕ್ಷೆ’ಯೇ ಬೇಕಿತ್ತು. 1775ರ ಕ್ಯೋತೊ ಗಣ್ಯರ ಕೈಪಿಡಿಯಲ್ಲಿ ಚಿತ್ರಕಾರರ ಪಟ್ಟಿಗೆ ಓಕ್ಯೊ ಮೊದಲಿಗ. ಆಮೇಲೆ ಜಕುಚು, ಇಕೆ ನೊ ತೈಗಾ, ಬುಸೊನ್. ಒಂದೇ ಊರು, ಒಂದೇ ಪುಟ.

ಓಕ್ಯೊನ ಶಿಷ್ಯ ರೊಸೆತ್ಸು 1786ರ ಕೊನೆಗೆ ಗುರುವಿನ ಬದಲಿಗೆ ದಕ್ಷಿಣದ ಕಡಲ ತುದಿಯ ಕುಶಿಮೊತೊಗೆ ಹೋದ. ಗುರುವಿನ ಕಣ್ಣು ತಪ್ಪಿದ ಕೂಡಲೇ ಕುಂಚ ಹುಚ್ಚೆದ್ದಿತು. ಮುರ್ಯೊಜಿ ದೇವಾಲಯದ ಜಾರುಬಾಗಿಲುಗಳ ಮೇಲೆ ಒಂದು ಭಾರೀ ಹುಲಿ ನೆಗೆಯಲು ಹೊಂಚುತ್ತಿದೆ. ಅದೇ ಬಾಗಿಲುಗಳ ಹಿಂಬದಿಗೆ ಹೋದರೆ ನೀರಿನ ಮೀನಿನತ್ತ ಕಣ್ಣಿಟ್ಟ ಬೆಕ್ಕು ಸಿಗುತ್ತದೆ.

ನಂಗಾ ಪಂಥದ ತೈಗಾ, ಬುಸೊನ್ ನಕಲು ಮಾಡಿದ್ದು ಕಾಣದ ದೇಶವನ್ನು. ಜಪಾನೀಯರು ಹೊರದೇಶಕ್ಕೆ ಹೋಗಕೂಡದೆಂದು 1635ರಲ್ಲೇ ಕಟ್ಟಪ್ಪಣೆಯಾಗಿತ್ತು. ಚೀನದ ಪಂಡಿತರಂತೆ ಹವ್ಯಾಸಕ್ಕೆ ಬರೆಯುವ ಆದರ್ಶ ಅವರಿಗೆ ಸಿಕ್ಕಿದ್ದು ನಾಗಸಾಕಿಯ ಹಡಗುಗಳಲ್ಲಿ ಬಂದ ಚಿತ್ರಗಳಿಂದ, ಅಚ್ಚಾದ ಕೈಪಿಡಿಗಳಿಂದ. ತಮಾಷೆಯೆಂದರೆ ಈ ಹವ್ಯಾಸಿಗಳಿಬ್ಬರೂ ಚಿತ್ರ ಮಾರಿಯೇ ಬದುಕಿದವರು. ತೈಗಾನ ಹೆಂಡತಿ ಗ್ಯೊಕುರಾನ್ ಗಿಯೊನ್‌ನಲ್ಲಿ ಚಹಾ ಅಂಗಡಿ ನಡೆಸುತ್ತಿದ್ದ ಮನೆಯವಳು. ಅವಳ ಅಜ್ಜಿ, ತಾಯಿ ಇಬ್ಬರೂ ಕವಯಿತ್ರಿಯರು, ಆಕೆ ಸ್ವತಃ ಗಟ್ಟಿ ಚಿತ್ರಗಾರ್ತಿ. ಚೀನೀ ಲೇಖಕ ಲಿ ಯುವಿನ ಕವನಗಳಿಗೆ 1771ರಲ್ಲಿ ತೈಗಾ ಹತ್ತು, ಬುಸೊನ್ ಹತ್ತು ಪುಟ ಬರೆದ ಜೋಡಿ ಪುಸ್ತಕ ಮುಂದೆ ಕಾದಂಬರಿಕಾರ ಕವಬಾತನ ಕೈ ಸೇರಿತು. ಬುಸೊನ್ ಸತ್ತ ಮೇಲೆ ಅವನ ಶಿಷ್ಯ ಗೊಶುನ್ ಓಕ್ಯೊನತ್ತ ಸರಿದ. ಕವಿಯ ಮೃದುತನ ನೋಡುವವನ ಖಚಿತತೆಯ ಜೊತೆ ಬೆರೆತು ಶಿಜೊ ಬೀದಿಯ ಹೆಸರಿನಲ್ಲಿ ಇನ್ನೊಂದು ಪಂಥವಾಯಿತು.

ಉಕಿಯೊ-ಎ ಅಚ್ಚುಚಿತ್ರಗಳ ಬಗ್ಗೆ ಇಷ್ಟು ಹೊತ್ತು ಸುಮ್ಮನಿದ್ದದ್ದು ಬೇಕೆಂದೇ. ಹೊಕುಸಾಯ್‌ನ ಅಲೆ ಇಂದು ಕಾಫಿ ಲೋಟದ ಮೇಲೂ ಇದೆ, ಉಳಿದವರು ಅದರ ಅಡಿ ಮುಳುಗಿದ್ದಾರೆ. 1765ರಲ್ಲಿ ಸುಜುಕಿ ಹರುನೊಬುವಿನ ಸುತ್ತ ಬಹುವರ್ಣದ ಮರದಚ್ಚು ಸಿದ್ಧಿಸಿದ ಮೇಲೆ, ಹೆಚ್ಚು ಕಡಿಮೆ ಒಂದು ಬೋಗುಣಿ ಶಾವಿಗೆಯ ಬೆಲೆಗೆ ಎದೊದ ಕೂಲಿಯವನೂ ಚಿತ್ರ ಕೊಳ್ಳುವಂತಾಯಿತು ಎಂಬುದು ಸಣ್ಣ ಮಾತಲ್ಲ. ಜಕುಚು ಒಂದು ಮೀನಿಗೆ ಹಚ್ಚಿದ್ದ ಬರ್ಲಿನ್ ನೀಲಿಯನ್ನು 1830ರ ಹೊತ್ತಿಗೆ ಮುದ್ರಕರು ಕಡಲುಗಟ್ಟಲೆ ಸುರಿದರು.

1868ರಲ್ಲಿ ಶೋಗುನ್ ಆಳ್ವಿಕೆ ಬಿತ್ತು, ಕಾನೊ ಮನೆಗಳ ಅಕ್ಕಿ ನಿಂತಿತು. ಕೊಬಿಕಿಚೊ ಮನೆಯ ಆವರಣದಲ್ಲೇ ಹುಟ್ಟಿದ್ದ ಗಾಹೊ ಶಾಮಿಸೆನ್ ವಾದ್ಯಕ್ಕೆ ಕುದುರೆ ಕೆತ್ತಿದ, ಬೀಸಣಿಗೆ ಬರೆದ, ನೌಕಾಪಡೆಯ ಶಾಲೆಯಲ್ಲಿ ನಕ್ಷೆಗಾರನಾದ. ಅವನ ಸಹಪಾಠಿ ಕಾನೊ ಹೊಗಾಯ್ ಸಣ್ಣಪುಟ್ಟ ವ್ಯಾಪಾರ ಮಾಡಿ ಹೊಟ್ಟೆ ಹೊರೆದ. ದೇವಾಲಯಗಳಿಗೂ ಕೆಟ್ಟ ಕಾಲ. 1889ರಲ್ಲಿ ಶೊಕೊಕುಜಿ ಜಕುಚುವಿನ ಮೂವತ್ತು ಪಟಗಳನ್ನು ಅರಮನೆಗೆ ಅರ್ಪಿಸಿತು. ಪ್ರತಿಯಾಗಿ ಬಂದ 10,000 ಯೆನ್‌ನಿಂದ ಮಠದ ಜಮೀನು ಉಳಿಯಿತು.

ಅದೇ 1889ರಲ್ಲಿ ಟೋಕಿಯೊದಲ್ಲಿ ಕಲಾಶಾಲೆ ತೆರೆಯಿತು. ಹೊಗಾಯ್ ಹಿಂದಿನ ವರ್ಷವೇ ತೀರಿಕೊಂಡಿದ್ದ. ಅವನು ಮುಗಿಸದೆ ಬಿಟ್ಟಿದ್ದ ಅವಲೋಕಿತೇಶ್ವರನ ಪಟವನ್ನು ಪೂರ್ತಿ ಮಾಡಿದ ಗಾಹೊ ಅಲ್ಲಿ ಗುರುವಾದ. ಮೊದಲ ತಂಡದಲ್ಲಿ ಯೊಕೊಯಾಮ ತೈಕಾನ್ ಎಂಬ ಹುಡುಗನಿದ್ದ. ಕಾನೊಗಳು ತಲೆತಲಾಂತರದಿಂದ ಕಾಪಾಡಿಕೊಂಡು ಬಂದಿದ್ದ ಖಡಕ್ ಗೆರೆಯನ್ನೇ ತೈಕಾನ್ ಮತ್ತು ಗೆಳೆಯ ಶುನ್ಸೊ ಕೈಬಿಟ್ಟರು. ಒದ್ದೆ ಬಣ್ಣವನ್ನು ಹಬ್ಬಿಸಿ ಮಂಜು ಮಂಜಾಗಿ ಬರೆದರು, ಟೋಕಿಯೊದ ವಿಮರ್ಶಕರಿಂದ ಗೇಲಿಗೊಳಗಾದರು. 1903ರಲ್ಲಿ ಇಬ್ಬರೂ ಕಲ್ಕತ್ತೆಗೆ ಬಂದರು. ಜೋಡಾಸಾಂಕೊದ ಠಾಕೂರರ ಮನೆಯಲ್ಲಿ ತೈಕಾನ್ ಕಾಗದ ಒದ್ದೆ ಮಾಡಿ ಬಣ್ಣ ಹರಡುವುದನ್ನು ಅಬನೀಂದ್ರನಾಥ ಠಾಕೂರರು ನೋಡಿದರು. ಬಂಗಾಳ ಪಂಥದ ‘ವಾಶ್’ ಪದ್ಧತಿ ರೂಪುಗೊಂಡದ್ದು ಆಮೇಲೆ. ಕೆಲವೇ ವರ್ಷಗಳಲ್ಲಿ ಅಬನೀಂದ್ರರ ಬಳಿ ಅದನ್ನು ಕಲಿಯಲು ಕೂತವರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನಿಂದ ಕಳಿಸಿದ್ದ ಕೆ. ವೆಂಕಟಪ್ಪನವರೂ ಒಬ್ಬರು.